ಎಳೆದಷ್ಟೂ ಬಿಗಿಯುವ ಗಂಟು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. 2022ರ ಆಗಸ್ಟ್ 3, ಬುಧವಾರ. ಚಿಕ್ಕಬಂಡಹಳ್ಳಿಯ ಹಾಲಿನ ಡೈರಿಯ ಮುಂದೆ ಸಾಲಿನಲ್ಲಿ ನಿಂತಿದ್ದ ಅಶ್ವತ್ಥಪ್ಪನವರು ಒಂದು ನಿಜ ಹೇಳಿದರು. ಮುಂದಿನ ಹನ್ನೆರಡು ದಿನ ನಡೆದ ಅನಾಹುತಗಳಿಗೆಲ್ಲ ಆ ನಿಜವೇ ಮೂಲ.

ಹಳ್ಳಿ ಕಾಮಸಮುದ್ರ ಹೋಬಳಿಯದು. ಹಾಲು ಹಾಕುವ ಮನೆಗಳು ಅರವತ್ತೇಳು. ಅಶ್ವತ್ಥಪ್ಪನವರಿಗೆ ವಯಸ್ಸು ಅರವತ್ತೊಂಬತ್ತು, ಸೀಮೆಹಸು ಮೂರು, ಊರಿನಲ್ಲಿ ಪ್ರಭಾವ ಏನೂ ಇಲ್ಲ. ಆ ಬೆಳಿಗ್ಗೆ ಡೈರಿಯ ಕಾರ್ಯದರ್ಶಿ ನಾಗೇಶ್ ಅವರ ಹಾಲಿಗೆ ಅಳತೆಯ ಕಡ್ಡಿ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದ.

“ಅಶ್ವತ್ಥಣ್ಣ, ಡಿಗ್ರಿ ಬತ್ತಾ ಇಲ್ಲ. ಇಪ್ಪತ್ನಾಲ್ಕರ ಮೇಲೆ ಏಳಲ್ಲ ಅಂತೈತೆ.”

“ಮಳೆ ಬಿದ್ದೈತೆ ಕಣ್ಲಾ. ಉಲ್ಲಾಗೆ ನೀರು ಜಾಸ್ತಿ.”

“ಉಲ್ಲಾಗಿನ ನೀರು ನೆಟ್ಟಗೆ ಕ್ಯಾನಿಗೇ ಬಂದ್ಬಿಡ್ತಾ?” ಎಂದರು ಹಿಂದೆ ನಿಂತಿದ್ದ ಪಕ್ಕದ ಮನೆಯ ಮುತ್ಯಾಲಮ್ಮ.

ಸಾಲು ನಕ್ಕಿತು. ನಗು ತಣ್ಣಗಾಗುವ ಮುಂಚೆ ನಾಗೇಶ್ ಗೋಡೆಯ ಮೇಲೆ ಅಂಟಿಸಿದ್ದ ಒಂದು ಸುತ್ತೋಲೆಯನ್ನು ಓದಿದ. ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷ ತುಂಬುತ್ತಿದೆ. ಹಿಂದಿನ ಆಚರಣೆಗಳನ್ನು, ಅಂದರೆ 1972ರ ಇಪ್ಪತ್ತೈದನೆಯದನ್ನು ಅಥವಾ 1997ರ ಐವತ್ತನೆಯದನ್ನು ಕಂಡವರು ಬಂಗಾರಪೇಟೆಯ ಆಚರಣಾ ಸಮಿತಿಗೆ ತಮ್ಮ ನೆನಪು ತಿಳಿಸಬೇಕು.

“ತೊಂಬತ್ತೇಳರಾಗೆ ನಂಗೆ ಎರಡು ಲಡ್ಡು ಕೊಟ್ಟಿದ್ರು,” ಎಂದರು ಮುತ್ಯಾಲಮ್ಮ.

“ಲಡ್ಡು ತಿಂದದ್ದೆಲ್ಲ ನೆನಪಾಗಲ್ಲಕ್ಕ,” ಎಂದ ನಾಗೇಶ್.

“ಎರಡ್ನೇದ್ನ ನಮ್ಮತ್ತೆ ಕಿತ್ಕೊಂಡ್ಳು. ಅದು ನೆನಪು. ಬರ್ಕೊ.”

ಮತ್ತೆ ನಗು ಎದ್ದಿತು. ಈ ನಗು ತಮ್ಮ ಮೇಲಲ್ಲ ಎಂಬ ಧೈರ್ಯದಿಂದಲೋ ಏನೋ, ಅಶ್ವತ್ಥಪ್ಪನವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೇಳಿದರು. “ಎಪ್ಪತ್ತೆರಡನೇ ಇಸವಿ, ಕೆ.ಜಿ.ಎಫ್. ಕೋರಮಂಡಲ್ ಮೈದಾನ. ಆವತ್ತು ಬಾವುಟ ಮೇಲಕ್ಕೆ ಓಗಿದ್ದು ಇದೇ ಕೈಯಾಗೆ.”

ನಗು ನಿಂತಿತು. ನಾಗೇಶ್ ಅಳತೆಯ ಕಡ್ಡಿ ಕೆಳಗಿಟ್ಟು ಫೋನು ಕೈಗೆತ್ತಿಕೊಂಡ.

ಮೇಲಿನ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂಬುದನ್ನು ಇಲ್ಲೇ ದಾಖಲಿಸಬೇಕು. ಆದರೆ ನಾಗೇಶ್ ಸಮಿತಿಯ ವಾಟ್ಸಾಪ್ ಗುಂಪಿಗೆ ಕಳಿಸಿದ್ದು, “ನಮ್ಮೂರ ಹಿರಿಯರಾದ ಅಶ್ವತ್ಥಪ್ಪನವರು 1972ರಲ್ಲಿ ಕೆ.ಜಿ.ಎಫ್.ನಲ್ಲಿ ಧ್ವಜಾರೋಹಣ ಮಾಡಿರುತ್ತಾರೆ” ಎಂದು. ಹತ್ತು ಗಂಟೆಯ ಹೊತ್ತಿಗೆ ಅದು ಕಾಮಸಮುದ್ರದಲ್ಲಿ “ಕೆ.ಜಿ.ಎಫ್.ನ ಮೊದಲ ಧ್ವಜಾರೋಹಣ” ಆಯಿತು. ಮಧ್ಯಾಹ್ನ ಬಂಗಾರಪೇಟೆ ಬಸ್ ನಿಲ್ದಾಣದಲ್ಲಿ “ಬ್ರಿಟಿಷ್ ಅಧಿಕಾರಿಗಳ ಎದುರಿನಲ್ಲೇ” ಎಂದು ಸೇರಿಕೊಂಡಿತು. ಅಶ್ವತ್ಥಪ್ಪನವರು ಹುಟ್ಟಿದ್ದು 1953ರಲ್ಲಿ. ಬ್ರಿಟಿಷರು ಅಧಿಕಾರ ಬಿಟ್ಟುಕೊಟ್ಟದ್ದು ಅದಕ್ಕೆ ಆರು ವರ್ಷ ಮೊದಲು. ಈ ಕಳೆಯುವ ಲೆಕ್ಕವನ್ನು ಇಡೀ ತಾಲ್ಲೂಕಿನಲ್ಲಿ ಮಾಡಿದವರು ಒಬ್ಬರೇ, ಅವರ ಹೆಂಡತಿ ಚಿಕ್ಕವೆಂಕಟಮ್ಮ.

“ನಾನು ಈ ಮನೆಗೆ ಬಂದು ನಲವತ್ತೈದು ವರ್ಸ ಆಯ್ತು,” ಎಂದರು ಅವರು, ಮುದ್ದೆ ತಿರುವುತ್ತಾ. “ಅಲ್ಲುನೋವಿನಿಂದ ಇಡ್ದು ಎಲ್ಲಾನೂ ಎರಡೆರಡು ಸಲ ಏಳಿದೀಯ. ಬಾವುಟದ ಮಾತು ಒಂದು ದಿನ ಎತ್ತಿಲ್ಲ. ಏನು ಮಾಡಿದ್ದೆ ನಿಜ ಏಳು.”

“ಮಾಡಿದ್ದೆ ಕಣೆ. ದೇವರಾಣೆ.”

“ಏನು ಮಾಡಿದ್ದೆ ಅಂತ ತಾನೇ ಕೇಳ್ತಾ ಇರದು.”

ಅಷ್ಟರಲ್ಲಿ ಮೊಮ್ಮಗಳು ನವ್ಯ ನೋಟ್‌ಬುಕ್ ಹಿಡಿದು ಬಂದಳು. ಎಂಟನೇ ತರಗತಿ. ಶಾಲೆಯಲ್ಲಿ ಆಗಲೇ ಅವಳಿಗೆ ಮೊದಲ ಬೆಂಚಿನಲ್ಲಿ ಜಾಗ ಸಿಕ್ಕಿತ್ತು; ಇಬ್ಬರು ಹುಡುಗಿಯರು ಅವಳ ಬ್ಯಾಗು ಹೊತ್ತುಕೊಂಡು ಮನೆಯ ತನಕ ಬಂದಿದ್ದರು. ‘ನಮ್ಮ ತಾತ ಬಾವುಟ ಹಾರಿಸಿದ ದಿನ’ ಎಂಬ ಪ್ರಬಂಧಕ್ಕೆ ತಲೆಬರಹ ಬರೆದು ಕೆಳಗೆ ಎರಡು ಗೆರೆಯೂ ಎಳೆದಾಗಿತ್ತು.

“ತಾತ, ಎಷ್ಟು ಜನ ಇದ್ರು?”

“ಅತ್ತು ಸಾವ್ರ.”

“ಅಷ್ಟು ಜನದ ಮುಂದೆ ಕೈ ನಡುಗ್ಲಿಲ್ವಾ?”

“ನಡುಗ್ಲಿಲ್ಲಮ್ಮ. ನಡುಗಿದ್ರೆ ಸರಿಯಾಗಿರ್ತಿತ್ತು.”

ನವ್ಯ ಬರೆದುಕೊಂಡದ್ದು ಮೊದಲ ಅರ್ಧವನ್ನು ಮಾತ್ರ. ಬರೆದು ಮುಗಿಸಿ ತಾತನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಸಗಣಿ, ಹಗ್ಗ, ಹಿಂಡಿ ಹಿಡಿದು ಒರಟಾದ ಆ ಕೈಯನ್ನು ಮನೆಯಲ್ಲಿ ಅದುವರೆಗೆ ಯಾರೂ ಹಾಗೆ ನೋಡಿರಲಿಲ್ಲ. ಅಶ್ವತ್ಥಪ್ಪನವರು ಹೇಳಬೇಕೆಂದಿದ್ದ ಮಿಕ್ಕ ನಿಜವನ್ನು ಮುದ್ದೆಯ ಜೊತೆ ನುಂಗಿದರು.

ಮರುದಿನದಿಂದ ಊರು ಬದಲಾಯಿತು. ಕಾಮಸಮುದ್ರದ ಬಸ್ಸಿನಲ್ಲಿ ಅವರು ಹತ್ತಿದರೆ ಮೂರು ಜನ ಎದ್ದು ನಿಲ್ಲುತ್ತಿದ್ದರು, ಒಬ್ಬ ಕೂತಿದ್ದವರನ್ನು ಎಬ್ಬಿಸುತ್ತಿದ್ದ. ಡೈರಿಯಲ್ಲಿ ಸಾಲು ತಾನಾಗಿ ಸರಿದು ದಾರಿ ಬಿಡುತ್ತಿತ್ತು. ಅದೇ ಹಸು, ಅದೇ ಹುಲ್ಲು, ಡಿಗ್ರಿ ಇಪ್ಪತ್ತೆಂಟು. ಮುತ್ಯಾಲಮ್ಮ ತಮ್ಮ ನಾಲ್ಕು ತಿಂಗಳ ಮೊಮ್ಮಗನನ್ನು ತಂದು ಅಶ್ವತ್ಥಪ್ಪನವರ ಮುಂದೆ ಹಿಡಿದು, “ಆ ಕೈ ಒಂದು ಸಲ ತಲೆ ಮೇಲೆ ಇಕ್ಕಣ್ಣ,” ಎಂದರು. ಅಣ್ಣ ಇಟ್ಟರು. ಮಗು ಅತ್ತಿತು. ಅಳುವುದನ್ನೂ ಒಳ್ಳೆಯ ಲಕ್ಷಣವೆಂದು ಭಾವಿಸಲಾಯಿತು.

ಭಾನುವಾರ ಬೆಳಿಗ್ಗೆ ಸಮಿತಿಯ ನೋಡಲ್ ಅಧಿಕಾರಿ ರೂಪ ಅವರು ಜೀಪಿನಲ್ಲಿ ಬಂದರು. ಶಿಸ್ತಿನ ಅಧಿಕಾರಿ, ಕೈಯಲ್ಲಿ ಕಡತ. ಮನೆಯವರು ಅಂಗಳದಲ್ಲಿ ಕುರ್ಚಿ ಹಾಕಿದರು. ಅರ್ಧ ಊರು ಕಾಂಪೌಂಡಿನ ಆಚೆ ನಿಂತಿತು.

“ಮೇಡಂ, ಒಂದು ವಿಷಯ ಸ್ಪಷ್ಟ ಮಾಡ್ಬೇಕು,” ಎಂದು ಅಶ್ವತ್ಥಪ್ಪನವರು ಶುರು ಮಾಡಿದರು. “ನಾನು ಬಾವುಟ ಆರಿಸಿದ್ದಲ್ಲ, ಬರೀ...”

“ನೋಡಿದ್ರಾ, ಎಷ್ಟು ವಿನಯ,” ಎಂದರು ರೂಪ ಕಾಂಪೌಂಡಿನ ಕಡೆ ತಿರುಗಿ. ಊರು ತಲೆದೂಗಿತು.

“ವಿನಯ ಅಲ್ಲ ಮೇಡಂ. ಆವತ್ತು ನಾನು ಮಾಡಿದ್ದು...”

“ನೀವು ಮಾಡಿದ್ದಕ್ಕೆ ಇನ್ನೊಬ್ಬರು ಸಾಕ್ಷಿ ಇದಾರೆ. ನಮ್ಮ ಸಮಿತಿ ಸುಮ್ಮನೆ ಯಾರನ್ನೂ ಒಪ್ಪಲ್ಲ.” ಅವರು ಕಡತ ತೆರೆದರು. “ಆಂಡರ್ಸನ್‌ಪೇಟೆಯ ಕುಪ್ಪುಸ್ವಾಮಿ. ನಿವೃತ್ತ ಗಣಿ ಕಾರ್ಮಿಕರು. ಆ ದಿನ ಬಾವುಟ ಬಿಚ್ಚಿಕೊಳ್ಳದೆ ಹೋದಾಗ ಕಂಬ ಹತ್ತಿದವರು ಅವರೇ. ಅವರಿಗೂ ಸನ್ಮಾನ ಇದೆ. ಪಾಪ, ಆ ಗಂಟು ಹಾಕಿದವನು ಯಾರು ಅಂತ ಐವತ್ತು ವರ್ಷದಿಂದ ಹುಡುಕ್ತಾ ಇದಾರಂತೆ.”

ಅಶ್ವತ್ಥಪ್ಪನವರು ಕಾಫಿ ಲೋಟ ಕೆಳಗಿಟ್ಟರು. “ಯಾಕಂತೆ?”

“ಸಿಕ್ಕಿದ ದಿನ ಅವನಿಗೇ ಹೇಳ್ತೀನಿ ಅಂದ್ರು. ಹದಿನೈದಕ್ಕೆ ಖಂಡಿತ ಬರ್ತೀನಿ, ಕೋಲು ತಗೊಂಡೇ ಬರ್ತೀನಿ ಅಂದ್ರು.”

ಆ ಮೇಲೆ ರೂಪ ಅವರು ಕಾರ್ಯಕ್ರಮದ ವಿವರ ಓದಿದರು. ಸ್ಥಳ, ಅದೇ ಕೋರಮಂಡಲ್ ಮೈದಾನ. ಬಾವುಟವನ್ನು ಹೂವಿನ ಜೊತೆ ಮಡಿಸಿ ಕಟ್ಟುವವರು, ಅಶ್ವತ್ಥಪ್ಪನವರು. ಎಂಟೂವರೆಗೆ ಹಗ್ಗ ಎಳೆದು ಬಿಚ್ಚುವವರು, ಹೊಸ ತಲೆಮಾರಿನ ಪರವಾಗಿ ಅವರ ಮೊಮ್ಮಗಳು ನವ್ಯ. ನಂತರ ಅವಳಿಂದಲೇ ಪ್ರಬಂಧ ವಾಚನ. ಕಾಂಪೌಂಡಿನ ಆಚೆ ಚಪ್ಪಾಳೆ ಬಿತ್ತು. ಹೊಸಿಲಿನಲ್ಲಿ ನಿಂತಿದ್ದ ನವ್ಯ ಸಂತೋಷಕ್ಕೆ ನೋಟ್‌ಬುಕ್ ತರಲು ಒಳಗೆ ಓಡಿದಳು.

ಈಗ 1972ರ ಆಗಸ್ಟ್ 15, ಮಂಗಳವಾರ, ನಡೆದದ್ದನ್ನು ನಡೆದಂತೆ ಹೇಳಬೇಕು.

ಅಶ್ವತ್ಥಪ್ಪನಿಗೆ ಆಗ ಹತ್ತೊಂಬತ್ತು. ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿಕೊಂಡು ಕೋರಮಂಡಲ್ ಕಾಲೋನಿಗೆ ಹಾಲು ಹಾಕುತ್ತಿದ್ದ. ಆ ಬೆಳಿಗ್ಗೆ ಚಿನ್ನದ ಗಣಿಯ ಬಾಯಿಯ ಮೇಲಿನ ದೊಡ್ಡ ಚಕ್ರದ ಗೋಪುರಕ್ಕೆ ನೆತ್ತಿಯಿಂದ ಬುಡದವರೆಗೆ ಬಣ್ಣದ ಬಲ್ಬು ಕಟ್ಟಿದ್ದರು. ಬೆಳಕು ಹರಿದರೂ ಅವನ್ನು ಆರಿಸಿರಲಿಲ್ಲ. ರಾತ್ರಿ ಪಾಳಿ ಮುಗಿಸಿದವರು ಭೂಮಿಯಿಂದ ಮೇಲೆ ಬಂದು, ಮನೆಗೂ ಹೋಗದೆ, ತಲೆಯ ಮೇಲಿನ ದೀಪ ಉರಿಯುತ್ತಿದ್ದಂತೆಯೇ ಮೈದಾನಕ್ಕೆ ನಡೆದು ಬರುತ್ತಿದ್ದರು. ಅಷ್ಟು ಜನ ಒಟ್ಟಿಗೆ ನಿಂತದ್ದನ್ನು ಅಶ್ವತ್ಥಪ್ಪ ಅದಕ್ಕೆ ಮೊದಲು ಕಂಡಿರಲಿಲ್ಲ. ಸೈಕಲ್ ನಿಲ್ಲಿಸಿ ಬಾಯಿ ತೆರೆದು ನೋಡುತ್ತಿದ್ದವನನ್ನು ಒಬ್ಬ ಮೇಸ್ತ್ರಿ ಕೂಗಿದ. ಬಾವುಟ ಕಟ್ಟಬೇಕಿದ್ದ ಸೆಲ್ವರಾಜ್ ಎಂಬಾತ ಇನ್ನೂ ಗಣಿಯಿಂದ ಮೇಲೆ ಬಂದಿರಲಿಲ್ಲ.

“ಏಯ್ ಪಾಲ್ಕಾರ, ಹಾಲಿನವನೇ, ಹಗ್ಗದಲ್ಲಿ ಗಂಟು ಹಾಕಕ್ಕೆ ಬರುತ್ತಾ?”

“ದಿನಾ ಆಕ್ತೀನಿ ಸಾರ್.”

ಹಾಕಿದ. ದಿನಾ ಹಾಕುತ್ತಿದ್ದುದನ್ನೇ ಹಾಕಿದ. ಕಟ್ಟಿದ್ದನ್ನು ತಾನೇ ಕಂಬದ ತುದಿಗೆ ಏರಿಸಿದ. ಬಾವುಟದ ಗಂಟು, ಹಗ್ಗ ಜಗ್ಗಿದ ಕೂಡಲೆ ಸಡಿಲವಾಗಿ ಬಿಚ್ಚಿಕೊಳ್ಳಬೇಕು. ಹಸುವನ್ನು ಗೂಟಕ್ಕೆ ಕಟ್ಟುವ ಗಂಟು, ಅದು ಜಗ್ಗಿದಷ್ಟೂ ಬಿಗಿಯಬೇಕು. ಅಶ್ವತ್ಥಪ್ಪನಿಗೆ ಗೊತ್ತಿದ್ದದ್ದು ಎರಡನೆಯದು.

ಗಣಿಯ ದೊಡ್ಡ ಅಧಿಕಾರಿಯೊಬ್ಬರು ಹಗ್ಗ ಎಳೆದರು. ಬಿಚ್ಚಲಿಲ್ಲ. ಮತ್ತೆ ಎಳೆದರು. ಮೂರನೆಯ ಸಲಕ್ಕೆ ಟೋಪಿ ತೆಗೆದಿಟ್ಟು ಎಳೆದರು. ಹಗ್ಗ ಕಂಬದ ತುದಿಯ ಗಾಲಿಯಲ್ಲಿ ಸಿಕ್ಕಿಕೊಂಡು ಬಾವುಟ ಕೆಳಗಿಳಿಯಲೂ ಇಲ್ಲ. ಹತ್ತು ಸಾವಿರ ಜನ ತಲೆ ಎತ್ತಿ ನಿಂತಿದ್ದರು. ಆಗ ಗುಂಪಿನಿಂದ ಒಬ್ಬ ಮೈ ತುಂಬ ಕಲ್ಲಿನ ಪುಡಿ ಮೆತ್ತಿದ ಗಣಿ ಕೆಲಸಗಾರ ಹೊರಬಂದು, ಬೂಟು ಬಿಚ್ಚಿಟ್ಟು, ಕಂಬಕ್ಕೆ ಕೈ ಮುಗಿದು ಹತ್ತತೊಡಗಿದ. ನೆತ್ತಿಗೆ ಹೋಗಿ ಹಲ್ಲಿನಿಂದ ಕಚ್ಚಿ ಗಂಟು ಸಡಿಲಿಸಿದ. ಬಾವುಟ ಬಿಚ್ಚಿತು, ಸೇವಂತಿಗೆ ಎಸಳೆಲ್ಲ ಅವನ ತಲೆಯ ಮೇಲೆ, ಹೆಗಲ ಮೇಲೆ, ಉರಿಯುತ್ತಿದ್ದ ದೀಪದ ಮೇಲೆ ಸುರಿಯಿತು. ಹತ್ತು ಸಾವಿರ ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು ಅಶ್ವತ್ಥಪ್ಪನ ಕಿವಿಯಲ್ಲಿ ಇವತ್ತಿಗೂ ಇದೆ. ಅವನು ರಾಷ್ಟ್ರಗೀತೆ ಮುಗಿಯುವ ತನಕ ಅಲ್ಲಾಡದೆ ನಿಂತು, ಮುಗಿದ ಕ್ಷಣ ಸೈಕಲ್ ಹತ್ತಿ, ಅರ್ಧ ಕಾಲೋನಿಗೆ ಹಾಲು ಹಾಕದೆಯೇ ಊರು ಸೇರಿದ.

ಹೀಗಾಗಿ ಅಶ್ವತ್ಥಪ್ಪನವರ ಮುಂದೆ ಇದ್ದದ್ದು ಎರಡು ಕಷ್ಟ. ಒಂದು ಕೋಲು. ಇನ್ನೊಂದು, ಅವರು ಕಟ್ಟಿದ ಬಾವುಟವನ್ನು ನವ್ಯ ಎಳೆಯುವುದು. ಕೋಲಿಗೆ ಅವರು ಸಿದ್ಧರಿದ್ದರು.

ಸೋಮವಾರದಿಂದ ಅಭ್ಯಾಸ ಶುರುವಾಯಿತು. ಶಾಲೆಯ ಜವಾನನನ್ನು ಹಿಡಿದು, ಯಾರಿಗೋ ಬೇಕಿತ್ತು ಎಂದು ಹೇಳಿ, ಜಾರುಗಂಟು ಹಾಕುವುದನ್ನು ಕಲಿತರು. ಕೊಟ್ಟಿಗೆಯಲ್ಲಿ ಟವೆಲ್ ಮಡಿಸಿ ಕಟ್ಟುವುದು, ಎಳೆಯುವುದು. ಊರಿನವರು ಕೊಟ್ಟಿಗೆಯ ಕಿಟಕಿಯಲ್ಲಿ ಇಣುಕಿ, ಸದ್ದು ಮಾಡದೆ ಹಿಂದೆ ಸರಿಯುತ್ತಿದ್ದರು.

“ಐವತ್ತು ವರ್ಸ ಆದ್ರೂ ಎಂಗೆ ಸಾಧನೆ ಮಾಡ್ತಾವ್ರೆ ನೋಡ್ರಲಾ,” ಎಂದ ನಾಗೇಶ್, ಪಿಸುಮಾತಿನಲ್ಲಿ.

ಶುಕ್ರವಾರ ಸಂಜೆ ಅವರು ಹೊಸ ಗಂಟಿನಲ್ಲಿ ಎಷ್ಟು ಮುಳುಗಿದ್ದರೆಂದರೆ ಹಸುಗಳನ್ನೂ ಅದರಲ್ಲೇ ಕಟ್ಟಿದರು. ಮೂರೂ ಒಮ್ಮೆ ಜಗ್ಗಿ ಬಿಚ್ಚಿಕೊಂಡು ಹೋಗಿ ಮುತ್ಯಾಲಮ್ಮನ ಹುರುಳಿ ಗಿಡವನ್ನು ಬುಡಮಟ್ಟ ತಿಂದವು. ಗಂಟು ಸರಿಯಾಗಿ ಬಂದಿದೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ. ಹುರುಳಿ ಹೋದ ಮುತ್ಯಾಲಮ್ಮ ಜಗಳಕ್ಕೆ ಬರುವ ಬದಲು, “ನಿಮ್ಮನೆ ಅಸು ಮೇದ ಒಲ ಪುಣ್ಯದ ಒಲ. ಇರ್ಲಿ ಬಿಡಣ್ಣ,” ಎಂದು ಹೇಳಿ ಹೋದರು. ಅಶ್ವತ್ಥಪ್ಪನವರಿಗೆ ಅಂದು ಮೊದಲ ಬಾರಿಗೆ ನಿಜವಾಗಿ ಭಯವಾಯಿತು.

ಆಗಸ್ಟ್ 15, ಸೋಮವಾರ. ಬೆಳಿಗ್ಗೆ ಏಳೂವರೆಗೆ ಕೋರಮಂಡಲ್ ಮೈದಾನದಲ್ಲಿ ಹಾಕಿದ್ದ ಇನ್ನೂರು ಕುರ್ಚಿ ತುಂಬಿ, ಅಷ್ಟೇ ಜನ ನಿಂತಿದ್ದರು. ಗಣಿ ಮುಚ್ಚಿ ಇಪ್ಪತ್ತೊಂದು ವರ್ಷ. ಹಿಂದೆ ಚಿನ್ನ ತೆಗೆದು ಸುರಿದ ಮಣ್ಣಿನ ಬೂದುಬಣ್ಣದ ಸೈನೈಡ್ ದಿಬ್ಬ. ಮುಂದೆ ಹಳೆಯ ಕಂಬ, ಹೊಸದಾಗಿ ಬಣ್ಣ ಹೊಡೆದದ್ದು. ಹಳೆಯ ಕಾರ್ಮಿಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಕೆಲವರು ಕಂಬವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

ಅಶ್ವತ್ಥಪ್ಪನವರನ್ನು ಕಂಬದ ಬಳಿಗೆ ಕರೆದರು. ಕುರ್ಚಿಯಲ್ಲಿದ್ದವರೆಲ್ಲ ಎದ್ದು ನಿಂತರು. ಮಡಿಸಿದ ಬಾವುಟ, ಎಸಳು, ಹಗ್ಗ. ಅವರು ಕಟ್ಟಿದರು. ಇಬ್ಬರು ಹುಡುಗರು ಕಟ್ಟಿದ ಬಾವುಟವನ್ನು ಮೇಲಕ್ಕೆ ಏರಿಸಿದರು. ಚಪ್ಪಾಳೆಯ ನಡುವೆ ವೇದಿಕೆಗೆ ಮರಳಿ ಕೂತು ಬೆವರು ಒರೆಸಿಕೊಳ್ಳುವಾಗ, ತಮ್ಮ ಬೆರಳುಗಳು ಈಗ ತಾನೇ ಏನು ಮಾಡಿದವು ಎಂದು ನೆನೆಸಿಕೊಂಡರು. ಎರಡು ಸುತ್ತು, ಒಂದು ತೂರು, ಗಟ್ಟಿ ಜಗ್ಗು. ಒಂದು ವಾರ ಕಲಿತದ್ದು ತಲೆಗೆ ಗೊತ್ತಿತ್ತು. ಅರವತ್ತು ವರ್ಷ ಹಸು ಕಟ್ಟಿದ ಕೈ ತಲೆಯನ್ನು ಕೇಳಿರಲಿಲ್ಲ.

ಎಂಟು ಗಂಟೆ ಇಪ್ಪತ್ತೆರಡು ನಿಮಿಷ.

ಆಗಲೇ ವೇದಿಕೆಯ ಮೆಟ್ಟಿಲ ಬಳಿ ಕುಪ್ಪುಸ್ವಾಮಿಯವರು ಕಾಣಿಸಿಕೊಂಡರು. ವಯಸ್ಸು ಎಪ್ಪತ್ತಾರು. ಎತ್ತರದ ಆಳು. ಕೈಯಲ್ಲಿ ಕೋಲು ನಿಜಕ್ಕೂ ಇತ್ತು. ಜೊತೆಗೆ ಹೆಂಡತಿ ಶ್ಯಾಮಲಾ. ಆಕೆಯ ಮುಖ ನೋಡಿದರೆ ಕೋಲು ಆಕೆಯ ಕೈಯಲ್ಲಿಲ್ಲದಿರುವುದೇ ಒಳ್ಳೆಯದೆನ್ನಿಸುವಂತಿತ್ತು.

“ನವ್ಯ ಎಂಬ ಪುಟ್ಟ ವಿದ್ಯಾರ್ಥಿನಿ ಈಗ ಕಂಬದ ಬಳಿ ಬರಬೇಕು,” ಎಂದು ರೂಪ ಅವರು ಮೈಕಿನಲ್ಲಿ ಕರೆದರು.

ನವ್ಯ ಎದ್ದಳು. ಇಸ್ತ್ರಿ ಮಾಡಿದ ಸಮವಸ್ತ್ರ, ಎರಡು ಜಡೆಗೂ ಬಿಳಿ ರಿಬ್ಬನ್. ನಡೆಯುತ್ತಾ ತಾತನ ಕಡೆ ತಿರುಗಿ ನೋಡಿದಳು.

ಅಶ್ವತ್ಥಪ್ಪನವರು ಹೋಗಿ ಮೈಕು ಹಿಡಿದುಕೊಂಡರು. “ಆ ಮಗು ಅಗ್ಗ ಮುಟ್ಟೋದು ಬೇಡ,” ಎಂದರು. “ಬಾವುಟ ಕೆಳಗಿಳ್ಸಿ. ಅದು ಬಿಚ್ಚಲ್ಲ.”

ನವ್ಯ ಅರ್ಧ ದಾರಿಯಲ್ಲೇ ನಿಂತಳು.

“ಎಪ್ಪತ್ತೆರಡರಾಗೆ ನಾನು ಬಾವುಟ ಆರಿಸ್ಲಿಲ್ಲ. ಕಟ್ಟಿ ಮೇಲಕ್ಕೆ ಏರ್ಸಿದೆ, ಅಷ್ಟೇ. ಅಸು ಗೂಟಕ್ಕೆ ಆಕೋ ಗಂಟು ಆಕಿದ್ದೆ. ಆ ದೊಡ್ಡ ಮನುಸ್ಯ ಎಷ್ಟು ಎಳೆದ್ರೂ ಬರ್ಲಿಲ್ಲ. ಅಷ್ಟು ಜನದ ಮುಂದೆ ಮಾನ ಓಗಿದ್ದು ನನ್ನಿಂದ. ಎದ್ರಿ ಓಡೋಗ್ಬಿಟ್ಟೆ. ಈಗ್ಲೂ ಅದೇ ಗಂಟು ಬಿದ್ದೈತೆ. ನನ್ನ ಮೊಮ್ಮಗಳು ಏನೂ ಅರಿಯದೋಳು. ಬಯ್ಯೋರು ನಂಗೆ ಬಯ್ರಿ.”

ನಾಗೇಶ್ ಎರಡು ಕೈಯಿಂದ ತಲೆ ಹಿಡಿದುಕೊಂಡ. ರೂಪ ಅವರು ಕಡತ ತೆರೆದು ಮುಚ್ಚಿದರು. ಇದಕ್ಕೆ ಅದರಲ್ಲಿ ಕಾಲಂ ಇರಲಿಲ್ಲ. ಕುಪ್ಪುಸ್ವಾಮಿಯವರು ಕೋಲೂರಿ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಅಶ್ವತ್ಥಪ್ಪನವರು ಕಣ್ಣು ಮುಚ್ಚಿ ಬೆನ್ನು ತಿರುಗಿಸಿ ನಿಂತರು. ಏಟು ಬೆನ್ನಿಗೇ ಬೀಳಲಿ ಎಂಬುದು ಅವರ ಲೆಕ್ಕ.

“ಏನ್ ಪಾ ಇದು, ತಿರುಗಿ ನಿಲ್ಲು,” ಎಂದರು ಕುಪ್ಪುಸ್ವಾಮಿ. “ಮಂಡಿ ನೋವು, ಅದಕ್ಕೆ ಕೋಲು. ನೀನು ತಾನಾ ಕಟ್ಟಿದ್ದು?”

“ನಾನೇ ಸಾಮಿ.”

“ಇಪ್ಪತ್ತಾರು ವಯಸ್ಸು ನನಗೆ. ಕೆಲಸ ಅಂದ್ರೆ ಭೂಮಿ ಒಳಗೆ ಇಳಿಯೋದು. ದಿನಾ ಇಳಿಯೋದು. ಒಂದು ದಿನ ಕೂಡ ಮೇಲೆ ಹತ್ತಿರಲಿಲ್ಲ ಪಾ. ಆವತ್ತು ಮೊದಲ ಸಲ ಹತ್ತಿದೆ. ಕೆಳಗೆ ನೋಡಿದ್ರೆ ಅಷ್ಟೂ ಜನ, ಅಷ್ಟೂ ದೀಪ. ಆ ಕಡೆ ಬಂಗಾರಪೇಟೆ ರೈಲಿನ ಹೊಗೆ ಬರ್ತಾ ಇದೆ. ಅಷ್ಟು ದೂರ ನನ್ನ ಕಣ್ಣು ಹೋಗುತ್ತೆ ಅಂತ ನನಗೇ ಗೊತ್ತಿರಲಿಲ್ಲ. ಅದನ್ನ ಕಟ್ಟಿದವನಿಗೆ ಹೇಳಬೇಕು ಅಂತ ಇತ್ತು. ಅಷ್ಟೇ.”

ಅಶ್ವತ್ಥಪ್ಪನವರು ಕೈ ಮುಗಿದರು. ಮುಂದೆ ಮಾತಾಡಿದವರು ಶ್ಯಾಮಲಾ, ವೇದಿಕೆಯ ಕೆಳಗಿನಿಂದಲೇ.

“ಅವರದ್ದು ಆಯ್ತಾ? ನಮ್ಮಪ್ಪ ಆ ಗುಂಪಲ್ಲಿ ಇದ್ರು. ಹೂವಲ್ಲಿ ಮುಳುಗಿ ಇಳಿದು ಬಂದ ಇವರನ್ನ ನೋಡಿ, ಮಾಪಿಳ್ಳೆ, ಅಳಿಯ ಅಂದ್ರೆ ಇವರೇ ಅಂದ್ಬಿಟ್ರು. ಮಾರಿಕುಪ್ಪಂ ರೈಲಿನ ಗಾರ್ಡ್ ಒಬ್ಬರು ಹೆಣ್ಣು ನೋಡೋಕೆ ಬಂದು ನನ್ನ ನೋಡಿ ಹೋಗಿದ್ರು. ರೈಲ್ವೆ ಪಾಸಲ್ಲಿ ಊರೆಲ್ಲ ಸುತ್ತಬಹುದಿತ್ತು. ನೀವು ಗಂಟು ನೆಟ್ಟಗೆ ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಣ್ಣಾ?”

ನಾನೂರು ಜನರ ನಗು ದಿಬ್ಬದವರೆಗೆ ಹೋಯಿತು. ಕುಪ್ಪುಸ್ವಾಮಿಯವರೇ ಎಲ್ಲರಿಗಿಂತ ಹೆಚ್ಚು ನಕ್ಕರು.

ನಗುವಿನ ನಡುವೆ ಕಟ್ಟಿದ ಬಾವುಟವನ್ನು ಕೆಳಗಿಳಿಸಲಾಯಿತು. ನಾಗೇಶ್ ಪ್ರಯತ್ನಿಸಿದ; ಉಗುರು ಮುರಿಯಿತು. ಇಬ್ಬರು ಪೊಲೀಸರು ಪ್ರಯತ್ನಿಸಿದರು. ಯಾರೋ ಕತ್ತರಿ ಎಂದರು. ರಾಷ್ಟ್ರಧ್ವಜದ ಹತ್ತಿರ ಕತ್ತರಿ ತರಕೂಡದೆಂದು ರೂಪ ಅವರು ಕಟ್ಟುನಿಟ್ಟಾಗಿ ಹೇಳಿದರು. ಆಗ ಹಿಂದಿನ ಸಾಲಿನಿಂದ ಚಿಕ್ಕವೆಂಕಟಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು.

“ಸರೀರಿ ಎಲ್ಲಾ. ಇವರು ಕಟ್ಟಿದ್ದನ್ನ ದಿನಾ ಬೆಳಿಗ್ಗೆ ಐದು ಗಂಟೆಗೆ ಬಿಚ್ಚೋಳು ನಾನು.”

ಎಡಗೈಯಲ್ಲಿ ಒಂದು ಕಡೆ ಒತ್ತಿದರು, ಬಲಗೈ ಹೆಬ್ಬೆರಳಲ್ಲಿ ಇನ್ನೊಂದು ಕಡೆ ತಳ್ಳಿದರು. ನಾಲ್ಕು ಸೆಕೆಂಡು. ಗಂಟು ಇರಲಿಲ್ಲ. ನಾನೂರು ಜನ ಆ ಹೆಬ್ಬೆರಳನ್ನೇ ನೋಡುತ್ತಿದ್ದರು. ಮುತ್ಯಾಲಮ್ಮ ಮೊಮ್ಮಗನನ್ನು ಎತ್ತಿಕೊಂಡು ಮುಂದೆ ಬರುವುದರಲ್ಲಿದ್ದರು, ಸೊಸೆ ತಡೆದಳು.

ಕುಪ್ಪುಸ್ವಾಮಿಯವರು ಕೋಲನ್ನು ಅಶ್ವತ್ಥಪ್ಪನವರ ಕೈಗೆ ಕೊಟ್ಟು, ಎಸಳು ಸೇರಿಸಿ ಬಾವುಟ ಮಡಿಸಿ ಜಾರುಗಂಟು ಹಾಕಿದರು. ಬಾವುಟ ಮತ್ತೆ ಮೇಲೇರಿತು. ನವ್ಯ ತಾತನ ಕಡೆ ನೋಡಲಿಲ್ಲ, ಮೇಲೆ ನೋಡುತ್ತಾ ಹಗ್ಗ ಹಿಡಿದಳು, ಒಮ್ಮೆ ಎಳೆದಳು.

ಬಾವುಟ ಬಿಚ್ಚಿಕೊಂಡಾಗ ಎಂಟು ಗಂಟೆ ನಲವತ್ತೇಳು ನಿಮಿಷ. ಗಾಳಿ ದಿಬ್ಬದ ಕಡೆಯಿಂದ ಬೀಸುತ್ತಿತ್ತು. ಎಸಳು ನೇರ ಕೆಳಗೆ ಬೀಳದೆ ಹಳೆಯ ಕಾರ್ಮಿಕರ ಸಾಲಿನ ಮೇಲೆ ಹೋಗಿ ಉದುರಿತು. ರಾಷ್ಟ್ರಗೀತೆ ಮುಗಿದ ಮೇಲೂ ಅವರಲ್ಲಿ ಯಾರೂ ಅಂಗಿ ಕೊಡವಿಕೊಳ್ಳಲಿಲ್ಲ.

ರೂಪ ಅವರು ಪ್ರಬಂಧಕ್ಕೆ ಕರೆದರು. ನವ್ಯ ಮೈಕಿನ ಮುಂದೆ ಬಂದು, ಬರೆದಿದ್ದು ತಪ್ಪಿದೆ, ಇವತ್ತು ಓದುವುದಿಲ್ಲ ಎಂದು ಹೇಳಿ ಇಳಿದು ಬಂದು ತಾತನ ಪಕ್ಕದ ಕುರ್ಚಿಯಲ್ಲಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವರ ಬಲಗೈ ಹಿಡಿದುಕೊಂಡಳು.

ಮಧ್ಯಾಹ್ನ ಒಂದೂವರೆಗೆ ಎರಡೂ ಮನೆಯವರು ಆಂಡರ್ಸನ್‌ಪೇಟೆಯ ಶ್ಯಾಮಲಾ ಅವರ ಮನೆಯಲ್ಲಿ ಊಟ ಮಾಡಿದರು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ನವ್ಯ ಕುಪ್ಪುಸ್ವಾಮಿಯವರ ಎದುರು ಕೂತು, ಪ್ರಬಂಧವನ್ನು ಮೊದಲಿನಿಂದ ಬರೆಯತೊಡಗಿದ್ದಳು.